ಬಳೆಗೆ ಕೈ ಚಾಚದ ಕೂಸು

ಚೀಕಲಪರ್ವಿಯ ಅನ್ನಮ್ಮನಿಗೆ ಒಂದು ಹೆಮ್ಮೆ ಇತ್ತು. ತಾನು ಎತ್ತಿ ಆಡಿಸಿದ ಒಂದು ಕೂಸೂ ದವಾಖಾನೆ ಮೆಟ್ಟಿಲು ಹತ್ತಿಲ್ಲ ಅಂತ ಓಣಿಗೆಲ್ಲ ಹೇಳಿಕೊಂಡು ತಿರುಗುವಾಕೆ. ಹಂಗಾಗಿ, ಇನ್ನೂ ಅಂಬೆಗಾಲಿಡುವ ಮೊಮ್ಮಗಳು ಮೇಘಾಗೆ ಕೆಮ್ಮು, ಜ್ವರ ಬಂದಾಗ, ತೋರಿಸಿಕೊಂಡು ಬರೋಣ ಅಂತ ಸೊಸೆ ಸ್ವಪ್ನಾ ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮ ಸೀಮೆಯ ಆ ಬಿಸಿಲಿನಲ್ಲೂ ಕೂಸಿಗೆ ಅಂಗಿಯ ಮೇಲೆ ಅಂಗಿ ತೊಡಿಸಿ, ತಲೆಗೆ ಕುಂಚಿಗಿ ಕಟ್ಟಿ, ಕೌದಿ ಸುತ್ತಿದಳು.

ಮರುದಿನ ಮಧ್ಯಾಹ್ನ ಕೂಸಿನ ಅಳು ನಿಂತಿತು. ಅನ್ನಮ್ಮನ ಮುಖ ಅರಳಿತು. ಮೊಲೆ ಹಿಡಿಯುತ್ತಿಲ್ಲವೆಂದು ಸ್ವಪ್ನಾ ಕಣ್ಣೀರು ತೆಗೆದರೆ, ಜ್ವರ ಇಳಿದು ನಿದ್ದೆ ಹತ್ತಿದೆ, ಎಬ್ಬಿಸಬೇಡ ಅಂತ ಗದರಿದಳು.

ಅಷ್ಟರಲ್ಲಿ ಅನ್ವರಿ ಬೇಗಂ ಬಂದಳು. ಮಾನ್ವಿಯಿಂದ ಬಳೆ ತಂದು ಊರೂರು ತೊಡಿಸುವಾಕೆ, ಅನ್ನಮ್ಮನ ಹಳೆಯ ಗೆಳತಿ. ತಾಯಿಗೆ ಬಳೆ ತೊಡಿಸುವಾಗ ಮಡಿಲ ಕೂಸು ಬಳೆಗೆ ಕೈ ಹಾಕುವುದು ಆಕೆಗೆ ದಿನದ ಕಾಟ. ಹೋದ ಸಲ ಇದೇ ಮೇಘಾ ಹಸಿರು ಬಳೆಯ ಕಟ್ಟನ್ನೇ ಕೆಡವಿದ್ದಳು. ಇವತ್ತು ಮುಖದ ಮುಂದೆ ಬಳೆ ಝಣಝಣ ಅಲ್ಲಾಡಿಸಿದರೂ ಕಣ್ಣು ಹೊರಳಿಸಲಿಲ್ಲ.

"ಅಕ್ಕಾ, ಇದು ನಿದ್ದಿ ಅಲ್ಲ. ಬಟ್ಟಿ ಬಿಚ್ಚು," ಅಂದಳು ಅನ್ವರಿ.

"ಬಳಿ ಮಾರಾಕಿ, ನೀ ಯಾವಾಗ ಡಾಕ್ಟರ್ ಆದಿ ಬೇ?"

"ನಮ್ಮ ಮೊಮ್ಮಗ ಮುಕರ್ರಂನೂ ಹಿಂಗೇ ಸುಮ್ಮನಾಗಿದ್ದ. ರಾಯಚೂರು ದವಾಖಾನ್ಯಾಗ ಡಾಕ್ಟರು ಅವನ ಎದಿನೇ ಮೊದಲು ನೋಡಿದ್ದು ಕಣ್ಣಾರೆ ಕಂಡೀನಿ. ನೀನೂ ಎದಿ ನೋಡು."

ಅನ್ನಮ್ಮ ಗೊಣಗುತ್ತಲೇ ಬಿಚ್ಚಿದಳು. ಉಸಿರು ಎಳೆದಾಗೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಹೊಟ್ಟೆ ಪಟಪಟನೆ ಏರಿಳಿಯುತ್ತಿತ್ತು. ಇಷ್ಟು ಹೊತ್ತು ಇದೆಲ್ಲ ಕೌದಿಯೊಳಗೇ ನಡೆದಿತ್ತು. ಗಾಬರಿಯಲ್ಲಿ ಆಕೆ ಓಮಿನ ನೀರಿನ ಚಮಚ ಎತ್ತಿಕೊಂಡರೆ ಅನ್ವರಿ ಕೈ ಹಿಡಿದಳು. ಮಂಪರಿನಲ್ಲಿರುವ ಕೂಸಿನ ಬಾಯಿಗೆ ಏನೂ ಹಾಕಬಾರದು, ಉಸಿರಿಗೇ ಅಡ್ಡ ಹೋಗುತ್ತದೆ ಅಂದಳು.

ಅನ್ನಮ್ಮ ಚಮಚ ನೋಡಿದಳು, ಕೂಸಿನ ಎದೆ ನೋಡಿದಳು. ಚಮಚ ಕೆಳಗಿಟ್ಟಳು.

"ಸ್ವಪ್ನಾ, ನೂರಾಎಂಟಕ್ಕ ಫೋನ್ ಹಚ್ಚವ್ವ."

ಆಂಬ್ಯುಲೆನ್ಸಿನಲ್ಲಿ ದಾರಿಯುದ್ದಕ್ಕೂ ಕೂಸಿನ ತಲೆ ಮೇಲಿರುವಂತೆ ಎದೆಗೆ ಒರಗಿಸಿಕೊಂಡು ಕೂತವಳು ಅನ್ನಮ್ಮನೇ. ಮಾನ್ವಿ ದವಾಖಾನೆಯಲ್ಲಿ ಡಾಕ್ಟರು ಮೊದಲು ಆಕ್ಸಿಜನ್ ಹಚ್ಚಿದರು, ಆಮೇಲೆ ಮಾತಾಡಿಸಿದರು. ನ್ಯುಮೋನಿಯಾ ಆಗಿದೆ, ಇನ್ನೂ ತಡಮಾಡದೆ ತಂದದ್ದು ಚಲೋ ಆಯಿತು ಅಂದರು.

ಮೇಘಾ ಗುಣವಾಗಿ ಮನೆಗೆ ಬಂದ ಮೇಲೆ ಮೊದಲ ಕೆಲಸ ಅನ್ವರಿಯ ಬಳೆ ಒಡೆದದ್ದು. ಅನ್ವರಿ ಹುಸಿ ಸಿಟ್ಟು ತೋರಿದರೆ ಅನ್ನಮ್ಮ ಬೀಗಿದಳು.

"ಒಡೀಲಿ ಬಿಡು. ನನ್ನ ಮೊಮ್ಮಗಳ ಕೈಯಾಗ ಕಸುವು ಅದ."

ಈಗ ಓಣಿಯಲ್ಲಿ ಯಾವ ಕೂಸು ಕೆಮ್ಮಿದರೂ ಅನ್ನಮ್ಮ ಕರೆಯದೇ ಹೋಗಿ ಅಂಗಿ ಎತ್ತಿ ನೋಡುತ್ತಾಳೆ. ನಮ್ಮ ಮನೆಯಿಂದ ಮೊದಲು ದವಾಖಾನೆ ಮೆಟ್ಟಿಲು ಹತ್ತಿದಾಕೆ ನಾನೇ ಅಂತ ಹೇಳಿಕೊಳ್ಳುತ್ತಾಳೆ. ಅನ್ವರಿ ನಗುತ್ತ ಹೂಂಗುಟ್ಟುತ್ತಾಳೆ.

ತಾಯಂದಿರೇ, ಅಜ್ಜಿಯರೇ, ಜಡ್ಡಿನ ಕೂಸು ಸುಮ್ಮನಾಯಿತೆಂದು ಹಿಗ್ಗಬೇಡಿ. ಕರೆದರೂ ನೋಡದಿದ್ದರೆ, ಹಾಲು ಹಿಡಿಯದಿದ್ದರೆ, ಉಸಿರಾಡುವಾಗ ಎದೆ ಒಳಗೆ ಸೇದಿಕೊಂಡರೆ, ತುಟಿ ನೀಲಿಯಾದರೆ, ಫಿಟ್ಸ್ ಬಂದರೆ, ಯಾವುದಾದರೂ ಒಂದು ಕಂಡರೂ ಸಾಕು, ಆ ಗಳಿಗೆಯಲ್ಲೇ 108ಕ್ಕೆ ಫೋನ್ ಮಾಡಿ. ಅಂಗಿ ಬಿಚ್ಚಿ ನೋಡಲು ಎಷ್ಟು ಹೊತ್ತು ಬೇಕು ಹೇಳಿ?