ಸೊಟ್ಟ ಬರೆದ ಒಡಪುಗಳು

ನಾನು ಒಂದು ಫ್ಲಾಪಿ ಡ್ರೈವ್. ಟಿ.ವಿ.ಗೆ ಜೋಡಿಸುವ ಹಳೇ ಕಾಲದ ಮನೆ ಕಂಪ್ಯೂಟರಿನ ಪಕ್ಕ ಕೂರುವ ಭಾರದ ಪೆಟ್ಟಿಗೆ. ದೂರದ ಯಾವುದೋ ಕಾರ್ಖಾನೆಯಲ್ಲಿ ನನ್ನ ಹೊಟ್ಟೆಯೊಳಗೆ ಒಂದು ಸಣ್ಣ ಹೆಡ್ ಇಟ್ಟು, ಸ್ಕ್ರೂ ಬಿಗಿದು, ಮುಂದಕ್ಕೆ ತಳ್ಳಿದರು. ಡಿಸ್ಕಿನ ಮೇಲೆ ಬರೆಯುವುದೂ ಬರೆದದ್ದನ್ನು ಓದುವುದೂ ಆ ಹೆಡ್ಡಿನ ಕೆಲಸ.

ಗದಗಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಸುಲೋಚನಾ ಕೊಪ್ಪದ ನನ್ನ ಒಡತಿ. ನಾನು ಮನೆಗೆ ಬಂದ ವಾರದಲ್ಲೇ ದಸರೆಯ ಖಂಡೇ ಪೂಜೆ, ಆಯುಧ-ಯಂತ್ರಗಳನ್ನು ಪೂಜಿಸುವ ದಿನ. ಅವಳ ಅತ್ತೆ ನಿಂಗವ್ವ ನನಗೆ ಅರಿಷಿಣ, ಕುಂಕುಮ ಹಚ್ಚಿದಳು. ಅವಳ ಮಗ, ಸುಲೋಚನಾಳ ಗಂಡ ಗುರುನಾಥ ತೆಂಗಿನಕಾಯಿ ಹಿಡಿದು ಅಂಗಳಕ್ಕೆ ಹೊರಟಾಗ ತಡೆದಳು.

"ಅಲ್ಲೆಲ್ಲಿ ಹೊಂಟಿ? ಯಂತ್ರದ ಮುಂದ ಒಡಿ."

ಅವನು ಮೇಜಿನ ಮೇಲೆ ಕಲ್ಲಿಟ್ಟು ಮೂರು ಏಟು ಹಾಕಿದ. ಮೂರನೆಯ ಏಟಿಗೆ ನನ್ನೊಳಗೆ ಒಂದು ಸ್ಕ್ರೂ ಸಡಿಲಾಗಿ ಹೆಡ್ ಕೂದಲೆಳೆಯಷ್ಟು ಸರಿಯಿತು. ಮರುದಿನ ನನ್ನ ಜೊತೆ ಬಂದಿದ್ದ ಆಟದ ಡಿಸ್ಕನ್ನು ಓದಲು ನನ್ನಿಂದಾಗಲಿಲ್ಲ. ಡಿಸ್ಕೇ ಕೆಟ್ಟಿದೆ ಎಂದು ಎಸೆದರು.

ಸುಲೋಚನಾಳಿಗೆ ಆಟ ಬೇಕಿರಲಿಲ್ಲ. ಅವಳು ಒಡಪು ಕೂಡಿಸುತ್ತಿದ್ದಳು. ಗಂಡನ ಹೆಸರನ್ನು ಬರಿದೇ ಹೇಳಬಾರದೆಂದು ಹೆಂಗಸರು ಪ್ರಾಸ ಕಟ್ಟಿ ಅದರೊಳಗೆ ಸೇರಿಸಿ ಹೇಳುತ್ತಾರಲ್ಲ, ಅವು. ಮದುವೆ ಮನೆಗಳಲ್ಲಿ, ಸಂತೆಯಲ್ಲಿ ಮುದುಕಿಯರ ಬೆನ್ನುಹತ್ತಿ ನೋಟ್‌ಬುಕ್ಕಿನಲ್ಲಿ ಗೀಚಿಕೊಂಡು ಬರುತ್ತಿದ್ದಳು. ಆ ಯಂತ್ರದಲ್ಲಿ ಕನ್ನಡ ಅಕ್ಷರ ಇರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಹೊಡೆಯುತ್ತಿದ್ದಳು.

"ಅಡಕಲ ಗಡಿಗ್ಯಾಗ ಅವಲಕ್ಕಿ ಉಳದಾವ, ಗುರುನಾಥರು ಬಂದಾರಂತ ಬಳಿ ಸಪ್ಪಳ ಮಾಡ್ಯಾವ." ಇದು ಅವಳದೇ. ಬರೆದವನು ನಾನು. ಆದರೆ ಅವಳ ಬೆರಳು ಕೀಲಿಮಣೆಯ ಮೇಲೆ, ಕಣ್ಣು ಟಿ.ವಿ.ಯ ಮೇಲೆ. ಎರಡನ್ನೂ ಕಂಡರೆ ನನಗೆ ಆಗುತ್ತಿರಲಿಲ್ಲ. ನನ್ನ ಮೇಲೆ ಅವಳು ಚಹಾದ ಕಪ್ಪು-ಬಸಿ ಇಡುತ್ತಿದ್ದಳು.

ಎರಡು ವರ್ಷದಲ್ಲಿ ಆರು ಡಿಸ್ಕ್ ತುಂಬಿದವು. ಎಲ್ಲ ಯಂತ್ರದಲ್ಲಿದೆಯಲ್ಲ ಎಂದು ಅವಳು ನೋಟ್‌ಬುಕ್ಕುಗಳನ್ನು ರದ್ದಿಗೆ ಹಾಕಿದಳು. ಪುಸ್ತಕ ಮಾಡಲು ಹುಬ್ಬಳ್ಳಿಯ ಪ್ರಕಾಶಕರೊಬ್ಬರು ಒಪ್ಪಿದರು. ಆಗ ಗುರುನಾಥ ಹೊಸ ಡ್ರೈವ್ ತಂದ. ನನ್ನ ಅರ್ಧದಷ್ಟು ಗಾತ್ರ, ಬೆಳ್ಳಗೆ, ಸದ್ದಿಲ್ಲ.

"ಹಳೇದು ಗಿರಣಿ ಇದ್ದಂಗ ಒದರತಿತ್ತು," ಎಂದ. ಸುಲೋಚನಾ ಹೊಸದನ್ನು ಸೀರೆಯ ಸೆರಗಿನಿಂದ ಒರೆಸಿದಳು. ನನ್ನನ್ನು ಎಂದಾದರೂ ಸೆರಗಿನಿಂದ ಒರೆಸಿದ್ದಳೇ?

ಹೊಸದು ಅವಳ ಒಂದು ಡಿಸ್ಕನ್ನೂ ಓದಲಿಲ್ಲ. ಆರಕ್ಕೆ ಆರೂ ತಪ್ಪು ಎಂದಿತು. ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಸುಲೋಚನಾ ಗೋಡೆಗೆ ಒರಗಿ ಕೂತಳು.

"ಹೇಳಿದ ಮುದಕ್ಯಾರೊಳಗ ನಾಕು ಮಂದಿ ಸತ್ತು ಹೋಗ್ಯಾರ. ಅವರನ್ನ ಎಲ್ಲಿಂದ ತರಲಿ?"

ಮರುದಿನ ರೇಡಿಯೊ ರಿಪೇರಿಯ ಮಕ್ತುಂಸಾಬ ಬಂದ. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಇಬ್ಬರ ಹೆಡ್ಡನ್ನೂ ಒರೆಸಿದ. ಅವಳ ಡಿಸ್ಕುಗಳನ್ನು ನನಗೆ ಹಾಕಿದ, ಓದಿದೆ. ಹೊಸದರ ಜೊತೆ ಬಂದ ಡಿಸ್ಕ್ ಹಾಕಿದ, ಓದಲಾಗಲಿಲ್ಲ. ನನ್ನ ಮುಚ್ಚಳ ತೆಗೆದು ಬಗ್ಗಿ ನೋಡಿದ.

"ಹೊಸಾದರ ತಪ್ಪಲ್ರಿ ಟೀಚರ್. ನಿಮ್ಮ ಹಳೇದು ಹಾದಿ ಬಿಟ್ಟು ನಡದೈತಿ. ತಾನ ಸೊಟ್ಟ ಬರೀತೈತಿ, ತಾನ ಸೊಟ್ಟ ಓದತೈತಿ."

"ಹಂಗಾರ ಸ್ಕ್ರೂ ತಿರುವಿ ನೆಟ್ಟಗ ಮಾಡ್ರಲಾ," ಎಂದ ಗುರುನಾಥ.

"ಈಗ ನೆಟ್ಟಗ ಮಾಡಿದ್ರ ಇವನ್ನ ಓದಾವ್ರು ದುನಿಯಾದಾಗ ಯಾರೂ ಉಳಿಯಂಗಿಲ್ಲ, ಸಾಹೇಬ್ರ. ಮೊದಲು ನಕಲು ತಗೀಬೇಕು. ಇದು ಓದಲಿ, ಅದು ಬರೀಲಿ."

ನಮ್ಮಿಬ್ಬರಿಗೂ ಕಂಪ್ಯೂಟರು ಎಂಟು ಎಂಬ ಒಂದೇ ಸಂಖ್ಯೆಯಿಂದ ಕರೆಯುತ್ತಿತ್ತು. ಒಂದೇ ಸಾಲಿನಲ್ಲಿ ಎರಡು ಎಂಟು ನಡೆಯುವುದಿಲ್ಲ. ಮಕ್ತುಂಸಾಬ ನನ್ನೊಳಗಿನ ಒಂದು ತಂತಿ ಕತ್ತರಿಸಿ ನನ್ನನ್ನು ಒಂಬತ್ತು ಮಾಡಿದ. ನನ್ನ ಸಂಖ್ಯೆಯೂ ಅದಕ್ಕೇ ಹೋಯಿತು.

ನಾನು ಓದುತ್ತ ಹೋದೆ, ಅದು ಸದ್ದಿಲ್ಲದೆ ನುಂಗುತ್ತ ಹೋಯಿತು. ಮೂರನೆಯ ಡಿಸ್ಕಿನಲ್ಲಿ ನಿಂತುಬಿಡಬೇಕೆನಿಸಿತು. ನಿಂತೂ ಬಿಟ್ಟೆ. ಬೇಕೆಂದೇ ನಿಂತೆನೋ, ಮೈ ಕಾದು ನಿಂತೆನೋ, ಇಂದಿಗೂ ಗೊತ್ತಿಲ್ಲ.

ಸುಲೋಚನಾ ನನ್ನ ಬೆನ್ನ ಮೇಲೆ ಅಂಗೈ ಇಟ್ಟಳು. "ತಡೀರಿ, ಭಾಳ ಕಾದೈತಿ," ಎಂದು ಬೀಸಣಿಗೆ ತಂದು ಗಾಳಿ ಹಾಕತೊಡಗಿದಳು.

ನಿಂಗವ್ವ ಬಾಗಿಲಲ್ಲಿ ನಿಂತು ನೋಡಿದಳು. "ಗಂಡಗ ಒಂದಿನ ಹಿಂಗ ಗಾಳಿ ಹಾಕಿದ್ದು ಕಾಣ್ಲಿಲ್ಲವ್ವ."

"ಅವರ ಹೊಟ್ಟ್ಯಾಗ ನನ್ನ ಪುಸ್ತಕ ಇಲ್ಲಲ್ರೀ ಅತ್ತಿ."

ಅರ್ಧ ತಾಸು ಗಾಳಿ ಹಾಕಿದಳು. ಮತ್ತೆ ಓದಿದೆ. ಆರೂ ಡಿಸ್ಕು, ಒಂದಕ್ಷರ ಬಿಡದೆ, ಪ್ರತಿಸ್ಪರ್ಧಿಯ ಬಾಯಿಗೆ ಹಾಕಿದೆ. ಸಂಜೆ ಸುಲೋಚನಾ ನನ್ನನ್ನು ಮಕ್ತುಂಸಾಬನಿಗೇ ಕೊಟ್ಟಳು.

ಅವನು ಅಂಗಡಿಯಲ್ಲಿ ನನ್ನ ಹೆಡ್ಡನ್ನು ನೆಟ್ಟಗೆ ಮಾಡಿದ. ಅಂದಿನಿಂದ ಯಾರ ಡಿಸ್ಕ್ ಕೊಟ್ಟರೂ ಓದುತ್ತೇನೆ. ದೀಪಾವಳಿ ಕಳೆದ ಮೇಲೆ ಸುಲೋಚನಾ ಬಂದಳು. ಅವನಿಗೆ ಪುಸ್ತಕದ ಪ್ರತಿ ಕೊಟ್ಟು, ಹಳೆಯ ಆರು ಡಿಸ್ಕುಗಳನ್ನು ಮೇಜಿನ ಮೇಲಿಟ್ಟಳು.

"ಇನ್ನ ಇವು ನನಗ ಬ್ಯಾಡ. ನಿಮಗ ಉಪಯೋಗಕ್ಕ ಬರ್ತಾವೇನು ನೋಡ್ರಿ."

ನನ್ನ ಕಡೆ ನೋಡಿದಳೋ ಇಲ್ಲವೋ, ರೇಡಿಯೊಗಳ ರಾಶಿ ಅಡ್ಡವಿತ್ತು.

ಅವಳು ಹೋದ ಮೇಲೆ ಮಕ್ತುಂಸಾಬ ಮೊದಲನೆಯದನ್ನು ನನಗೆ ಹಾಕಿದ. ಹುಡುಕಿದೆ. ನಾನೇ ಬರೆದ ಒಂದು ಸಾಲೂ ಸಿಗಲಿಲ್ಲ.

"ಇರ್ಲಿ ಬಿಡು," ಎಂದು ಅವನು ಅಳಿಸುವ ಆಜ್ಞೆ ಕೊಟ್ಟ. ಅಳಿಸಲು ಓದು ಬರಬೇಕಾಗಿಲ್ಲ. ಆರನ್ನೂ ಒಂದೊಂದಾಗಿ ಅಳಿಸಿದೆ.