ಬೀರಮ್ಮನ ಕೌದಿ

ರಾಗಿ ಕೊಯ್ಲು ಮುಗಿದು ಮೆದೆ ಒಟ್ಟಿದ್ದಾಗಿತ್ತು. ಕಣ ಮಾಡಲು ಇನ್ನೂ ಸಮಯವಿತ್ತು. ಜವರಮ್ಮ ಮುದ್ದೆ ಕಟ್ಟಿದ ಕೈ ತೊಳೆದುಕೊಂಡು, ಒಲೆಯ ಪಕ್ಕದಲ್ಲಿ ಒಂದು ಮುತ್ತುಗದ ಎಲೆ ಹಾಸಿ, ಅದರ ಮೇಲೆ ಚಿಟಿಕೆಯಷ್ಟು ಮುದ್ದೆ, ಒಂದು ತೊಟ್ಟು ಸಾರು ಇಟ್ಟಳು. "ಉಣ್ಣಕ್ಕ" ಎಂದು ಮೆಲ್ಲಗೆ ಹೇಳಿ, ತಾಳಿಯ ಜೊತೆಯಲ್ಲಿ ನೇತಾಡುತ್ತಿದ್ದ ಬೆಳ್ಳಿಯ ಬಿಲ್ಲೆಯನ್ನು ಕಣ್ಣಿಗೊತ್ತಿಕೊಂಡಳು. ಇಷ್ಟಾದ ಮೇಲೆಯೇ ಗಂಡನಿಗೆ, ಅತ್ತೆಗೆ ತಟ್ಟೆ ಹಾಕುವುದು.

ಆ ಬಿಲ್ಲೆ ಬೀರಮ್ಮನದು. ಬೀರಮ್ಮ ಅಂದರೆ ಜವರಮ್ಮನ ಗಂಡ ಅಣ್ಣಯ್ಯನ ಮೊದಲ ಹೆಂಡತಿ. ನೀರಿಗೆಂದು ಹೋದವಳು ಹಳೇಬೀಡಿನ ಕೆರೆಯ ಸೋಪಾನದಲ್ಲಿ ಕಾಲು ಜಾರಿ ಹೋದಳು ಎಂದು ಊರು ಹೇಳಿತು. ಸತ್ತ ಹೆಂಡತಿಯ ಜಾಗಕ್ಕೆ ಬಂದವಳು ಅವಳ ಹೆಸರಿನಲ್ಲೊಂದು ಬಿಲ್ಲೆ ಮಾಡಿಸಿ ಕೊರಳಿಗೆ ಹಾಕಿಕೊಳ್ಳಬೇಕು, ತಾನು ಉಣ್ಣುವ ಮೊದಲು ಅವಳಿಗಿಡಬೇಕು. ಇಲ್ಲದಿದ್ದರೆ ಹೋದವಳಿಗೆ ಹೊಟ್ಟೆಕಿಚ್ಚಾಗುತ್ತದೆ. ಮದುವೆಯ ದಿನ ಕಟ್ಟಿದ ಆ ಬಿಲ್ಲೆ ಒಂದು ದಿನವೂ ಮೈಶಾಖಕ್ಕೆ ಬೆಚ್ಚಗಾಗಿರಲಿಲ್ಲ. ಒಲೆಯ ಮುಂದೆ ಕೂತರೂ ಅದು ಕೆರೆಯ ಕಲ್ಲಿನಂತೆ ತಣ್ಣಗೆ ಎದೆಗೆ ತಗಲುತ್ತಿತ್ತು.

ಅಣ್ಣಯ್ಯ ಕೆಟ್ಟವನೆಂದು ಊರಲ್ಲಿ ಯಾರೂ ಅನ್ನುವಂತಿರಲಿಲ್ಲ. ಹೆಂಡ ಮುಟ್ಟುತ್ತಿರಲಿಲ್ಲ, ಎತ್ತುಗಳಿಗೆ ಬಾರುಕೋಲು ಬೀಸುತ್ತಿರಲಿಲ್ಲ. ಆದರೆ ಮನೆಯೊಳಗೆ ಯಾವುದೋ ಸಣ್ಣ ಮಾತಿಗೆ ಅವನ ಕಣ್ಣು ಬೇರೆಯಾಗಿಬಿಡುತ್ತಿತ್ತು. ಸೆರಗು ಹಿಡಿದೆಳೆದು, ಬಲಗೈ ತಿರುಚಿ, ಗೋಡೆಗೆ ನೂಕುತ್ತಿದ್ದ. ಆಮೇಲೆ ಜಗಲಿಯಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದ.

"ಅದು ಅವನದಲ್ಲ ಕಣೇ ಜವರಿ" ಎನ್ನುತ್ತಿದ್ದಳು ಅತ್ತೆ ಕೆಂಪಲಕ್ಷ್ಮಮ್ಮ, ಸೊಸೆಯ ಕೈಗೆ ಅರಿಸಿನ ಹಚ್ಚುತ್ತ. "ಬೀರಿದು. ಅವಳು ಅವನ ಮೈಮೇಲೆ ಬಂದು ಹೊಡೆಸ್ತಾಳೆ. ಅವಳಿಗಿನ್ನೂ ಈ ಮನೆ ಆಸೆ ಹೋಗಿಲ್ಲ. ಶುಕ್ರವಾರ ಬಿಲ್ಲೆಗೆ ನಿಂಬೆಹಣ್ಣು ನಿವಾಳಿಸು, ತಣ್ಣಗಾಗ್ತಾಳೆ."

ಜವರಮ್ಮ ನಂಬಿದ್ದಳು. ಹೀಗಾಗಿ ಅವಳಿಗೆ ಹೆದರಿಕೆಯಿದ್ದದ್ದು ಗಂಡನದಲ್ಲ, ಕೊರಳಲ್ಲಿದ್ದವಳದು. ಬೆಳಗ್ಗೆ ಮಂಜು ಮುಸುಕಿದ ಕೆರೆಗೆ ಕೊಡ ಹಿಡಿದು ಇಳಿದಾಗ ಬಿಲ್ಲೆ ಭಾರವಾಗಿ ಕೊರಳನ್ನು ನೀರಿನ ಕಡೆಗೆ ಜಗ್ಗಿದಂತಾಗುತ್ತಿತ್ತು. ಹಿಂದಿನ ವಾರ ಒಂದು ಬೆಳಗ್ಗೆ ಅವಳು ಬೀರಮ್ಮ ಜಾರಿದ ಮೆಟ್ಟಿಲ ಮೇಲೆಯೇ ಸುಮ್ಮನೆ ನಿಂತುಬಿಟ್ಟಿದ್ದಳು. ನೀರು ಮಂಡಿಗೆ ಬಂದಾಗಲೇ ಅವಳಿಗೆ ಎಚ್ಚರ. ಯಾವಾಗ ಅಷ್ಟು ಕೆಳಗಿಳಿದೆ ಎಂಬುದು ಅವಳಿಗೇ ಗೊತ್ತಿರಲಿಲ್ಲ. ಇನ್ನೊಂದು ಸಲ ಹೀಗಾದರೆ ತಾನು ಮೇಲೆ ಬರುವುದಿಲ್ಲ ಎಂಬುದು ಮಾತ್ರ ಗೊತ್ತಿತ್ತು.

ಅದು ಯುದ್ಧದ ಕಾಲ. ಬಟ್ಟೆಗೆ ಕಂಟ್ರೋಲು ಬಂದು, ಹೊಸ ಸೀರೆಯೆಂಬುದು ಕನಸಿನ ಮಾತಾಗಿತ್ತು. ಹರಿದದ್ದನ್ನು ಎಸೆಯದೆ ಬಳಸುವ ಅಜ್ಜಿಯರ ವಿದ್ಯೆ ಮೊಮ್ಮಕ್ಕಳಿಗೆ ಮರೆತುಹೋಗಿದೆ ಎಂದು ಮೇಷ್ಟರ ಹೆಂಡತಿ ಶ್ರೀರಂಗಮ್ಮ ಮಾಗಿಯ ದಿನಗಳಲ್ಲಿ ಸ್ಕೂಲಿನ ಜಗಲಿಯ ಮೇಲೆ ಹೆಂಗಸರಿಗೊಂದು ತರಗತಿ ಶುರುಮಾಡಿದ್ದರು. ನೂಲುವುದು, ಬತ್ತಿ ಹೊಸೆಯುವುದು ಅವರೇ ಹೇಳಿಕೊಡುತ್ತಿದ್ದರು. ಕೌದಿ ಹೊಲಿಯುವುದನ್ನು ಕಲಿಸಲು ಗಂಡಸಿ ಎಂಬ ಊರಿನಿಂದ ತಿಮ್ಮಕ್ಕ ಬಂದು ತಂಗಿಯ ಮನೆಯಲ್ಲಿ ಉಳಿದಿದ್ದಳು. ಬಾಯಲ್ಲಿ ಸದಾ ಎಲೆಯಡಿಕೆ, ಮಾತು ಕಡಿಮೆ.

"ಹೊಲಿಯೋದು ಕಲಿಯಾಕೆ ಮುಂಚೆ ಬಿಚ್ಚೋದು ಕಲೀರಿ" ಎಂದಳು ಅವಳು ಒಂದು ಸಂಜೆ. "ನಾಳೆ ಮನೇಲಿರೋ ಹಳೇ ಕೌದಿ ತಗೊಂಬನ್ನಿ. ಒಳಗೆ ಏನೈತೆ ಅಂತ ನೋಡಾನ."

ಜವರಮ್ಮನ ಮನೆಯ ಅಟ್ಟದಲ್ಲಿ ಅಂಥದೊಂದು ಕೌದಿಯಿತ್ತು. ಎಂಥ ಚಳಿಯಲ್ಲೂ ಅದನ್ನು ಯಾರೂ ಹೊದೆಯುತ್ತಿರಲಿಲ್ಲ. ಅದನ್ನು ಹೊದ್ದರೆ ಇನ್ನೂ ಚಳಿಯಾಗುತ್ತದೆ ಎಂದು ಅತ್ತೆ ಹೇಳುತ್ತಿದ್ದಳು. ಮರುದಿನ ಕೆಂಪಲಕ್ಷ್ಮಮ್ಮ ಹರಕೆ ತೀರಿಸಲು ಮಾಲೇಕಲ್ಲಿಗೆ ಹೋಗಿದ್ದಳು, ಅಣ್ಣಯ್ಯ ಹೊಲದಲ್ಲಿದ್ದ. ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ, ಜವರಮ್ಮ ಕೇಳಲೂ ಇಲ್ಲ. ಅಟ್ಟ ಹತ್ತಿ ಅದನ್ನು ಎಳೆದಾಗ ಬೆರಳಿಗೆ ಏನೋ ಚುಚ್ಚಿತು. ಕೌದಿಯ ನಡುಮಧ್ಯದಲ್ಲಿ ತುಕ್ಕು ಹಿಡಿದ ಸೂಜಿಯೊಂದು ಸಿಕ್ಕಿಕೊಂಡಿತ್ತು. ದಾರ ಇನ್ನೂ ಅದರ ಕಣ್ಣಿನಲ್ಲೇ ಇತ್ತು.

ಸ್ಕೂಲಿನ ಜಗಲಿಯಲ್ಲಿ ಅದನ್ನು ಹಾಸಿದಾಗ ತಿಮ್ಮಕ್ಕ ಸೂಜಿಯನ್ನೇ ನೋಡಿದಳು.

"ಕೌದೀನ ನಾಕು ಅಂಚಿಂದ ಹೊಲ್ಕೊಂಡು ಬಂದು ನಡುವೆ ಮುಗಿಸ್ತಾರೆ. ಇದು ನಡುವೆ ಬಂದು ನಿಂತೈತೆ. ಸೂಜಿ ಬಿಟ್ಟು ಎದ್ದೋಳು ಯಾರವ್ವ?"

ಪಕ್ಕದ ಮನೆಯ ರುಕ್ಮಿಣಮ್ಮ ಉತ್ತರ ಕೊಟ್ಟಳು. "ಬೀರಮ್ಮ. ಆ ದಿನ ಜಗಲೀಲಿ ಕೂತು ಇದನ್ನೇ ಹೊಲೀತಿದ್ಲು. ನಾನೇ ನೋಡ್ದೆ. ನೀರಿಗೆ ಹೋಗ್ಬತ್ತೀನಿ ಅಂತ ಎದ್ದು ಹೋದ್ಲು."

ಹೆಂಗಸರು ತಮ್ಮ ತಮ್ಮ ಬಟ್ಟೆಗಳನ್ನು ಕೌದಿಯಿಂದ ದೂರ ಎಳೆದುಕೊಂಡರು. ಹೊರಗೆ ಬಿಸಿಲು ಬಾಡುತ್ತಿತ್ತು. ಕೆರೆಯ ಕಡೆಯಿಂದ ಮಂಜು ಏಳಲು ಶುರುವಾಗಿತ್ತು.

ತಿಮ್ಮಕ್ಕ ಹೊಲಿಗೆಯ ಮೇಲೆ ಬೆರಳಾಡಿಸುತ್ತ ಹೋದಳು. ಒಂದು ಕಡೆ ನಿಂತಳು, ಹಿಂದಕ್ಕೆ ಬಂದಳು, ಮತ್ತೆ ನಿಂತಳು. ಆಮೇಲೆ ಜವರಮ್ಮ ಕಲಿಯುತ್ತ ಹೊಲಿದಿದ್ದ ತುಂಡನ್ನು ಕೇಳಿ ಪಡೆದು ಕೌದಿಯ ಪಕ್ಕಕ್ಕಿಟ್ಟಳು. ಎಲ್ಲರೂ ಬಗ್ಗಿ ನೋಡಿದರು. ಎರಡರಲ್ಲೂ ಮೂರು ಹೊಲಿಗೆ ಸಣ್ಣಗೆ, ಸಾಲಾಗಿ ಬಂದು, ನಾಲ್ಕನೆಯದು ಉದ್ದಕ್ಕೆ, ಓರೆಯಾಗಿ ನೆಗೆದಿತ್ತು. ಮತ್ತೆ ಮೂರು ಸಣ್ಣವು, ಮತ್ತೆ ಒಂದು ನೆಗೆತ. ಯಾವುದು ಸತ್ತವಳದು, ಯಾವುದು ಇದ್ದವಳದು ಎಂದು ಹೇಳುವಂತಿರಲಿಲ್ಲ.

"ಶಿವನೇ" ಎಂದಳು ರುಕ್ಮಿಣಮ್ಮ ಮೆಲ್ಲಗೆ. "ಅವಳ ಕೈ ಇವಳಿಗೆ ಬಂದೈತೆ."

ಇಬ್ಬರು ಹೆಂಗಸರು ಎದ್ದು ಹೊರಟೇಹೋದರು. ಜವರಮ್ಮ ತನ್ನ ಬಲಗೈಯನ್ನು ನೋಡಿಕೊಂಡಳು. ಅದು ಯಾರದೋ ಕೈಯೆಂಬಂತೆ ಮಡಿಲಲ್ಲಿ ಬಿದ್ದಿತ್ತು. ತಾನು ಸೂಜಿ ಹಿಡಿದಾಗಲೆಲ್ಲ ಬೀರಮ್ಮ ಹಿಡಿಯುತ್ತಿದ್ದಳೇ, ಹಾಗಾದರೆ ಕೆರೆಗಿಳಿದಾಗ ಇಳಿಯುತ್ತಿದ್ದ ಕಾಲುಗಳು ಯಾರವು ಎಂದು ಯೋಚಿಸಿ ಕಾಲುಗಳನ್ನು ಸೀರೆಯೊಳಕ್ಕೆ ಎಳೆದುಕೊಂಡಳು.

ಶ್ರೀರಂಗಮ್ಮನವರು, "ಇವತ್ತಿಗೆ ಸಾಕು ತಿಮ್ಮಕ್ಕ, ಮಡಿಚಿಡಿ. ಹುಡುಗಿ ಹೆದರಿದಾಳೆ" ಎಂದರು.

"ಹೆದರೋ ಹಂಗಿದ್ರೆ ಹೆದರ್ಲಿ ಬಿಡಿ ಅಮ್ಮಾ. ಯಾವುದಕ್ಕೆ ಅಂತ ನೋಡ್ಕೊಂಡು ಹೆದರ್ಲಿ" ಎಂದಳು ತಿಮ್ಮಕ್ಕ. "ಬಾ ಮಗಾ, ಕೈ ಕೊಡು."

ಅವಳು ಜವರಮ್ಮನ ಮಣಿಕಟ್ಟನ್ನು ಒತ್ತಿದಳು. ಜವರಮ್ಮ ತುಟಿ ಕಚ್ಚಿದಳು.

"ತಿರುಗ್ಸು."

ಕೈ ಅರ್ಧಕ್ಕೆ ತಿರುಗಿ ನಿಂತಿತು.

"ಸೂಜಿ ಎತ್ತಿ ತಿರುಗಿಸಾಕೆ ಇದು ಪೂರ್ತಿ ತಿರುಗ್ಬೇಕು. ಮೂರು ಹೊಲಿಗೆ ಹೆಂಗೋ ತಡ್ಕೊಂತದೆ, ಆಮೇಲೆ ನೋವಿಗೆ ನೆಗೀತದೆ. ನನ್ನ ಅತ್ತಿಗೆ ಹೊಲಿಗೇನೂ ಹಿಂಗೇ ಇತ್ತು." ಆ ಅತ್ತಿಗೆ ಏನಾದಳು ಎಂದು ತಿಮ್ಮಕ್ಕ ಹೇಳಲಿಲ್ಲ. ಕತ್ತರಿ ತೆಗೆದುಕೊಂಡು ಕೌದಿಯ ಒಂದು ಮೂಲೆಯನ್ನು ಬಿಚ್ಚತೊಡಗಿದಳು.

ಒಳಗಿನಿಂದ ತುಂಡುಗಳು ಹೊರಬಂದವು. ಹಸಿರು, ಕೆಂಪು, ಚೌಕಳಿ. ಬಣ್ಣ ಮಾಸಿರಲಿಲ್ಲ. ಪ್ರತಿಯೊಂದು ತುಂಡಿನಲ್ಲೂ ಒಂದು ಉದ್ದನೆಯ ಹರಕು, ಹೆಗಲಿನ ಮೇಲೆ ಸೆರಗು ಹಾದುಹೋಗುವ ಜಾಗದಲ್ಲೇ.

"ಸೀರೆ ಸವೆಯೋದು ಕುಂತ ಕಡೆ, ಮಂಡಿ ಕಡೆ" ಎಂದಳು ತಿಮ್ಮಕ್ಕ. "ಇವು ಸವೆದವಲ್ಲ. ಹಿಡಿದು ಎಳೆದವು. ಪಾಪ, ಯಾರಿಗೂ ಕಾಣದಂಗೆ ಎಲ್ಲಾನೂ ಒಳಗಿಟ್ಟು ಮೇಲೆ ಒಳ್ಳೇ ಬಟ್ಟೆ ಹಾಕವ್ಳೆ."

ಜವರಮ್ಮ ತನ್ನ ಹೆಗಲ ಮೇಲಿನ ತೇಪೆಯನ್ನು ಅಂಗೈಯಿಂದ ಮುಚ್ಚಿಕೊಂಡಳು. ಆದರೆ ಎಲ್ಲರೂ ನೋಡಿಯಾಗಿತ್ತು. ರುಕ್ಮಿಣಮ್ಮ ಮುಖ ತಿರುಗಿಸಿದಳು. ಗೋಡೆಯಾಚೆಯ ಮನೆಯಲ್ಲಿದ್ದುಕೊಂಡು ಬೀರಮ್ಮನ ಕಾಲದಿಂದಲೂ ಅವಳು ಎಷ್ಟು ಕೇಳಿಸಿಕೊಂಡಿದ್ದಳೋ, ಅದು ಅವಳೊಬ್ಬಳಿಗೇ ಗೊತ್ತು.

ಕೌದಿಯನ್ನು ಕಂಕುಳಲ್ಲಿಟ್ಟುಕೊಂಡು ಜವರಮ್ಮ ಕೆರೆಯ ಏರಿಯ ಮೇಲೆ ಮನೆಯ ದಾರಿ ಹಿಡಿದಾಗ ಮಂಜು ದಟ್ಟವಾಗಿತ್ತು. ಏರಿಯ ಕೆಳಗೆ ಬಿದ್ದಿದ್ದ ಸೊಂಡಿಲು ಮುರಿದ ಕಲ್ಲಾನೆ ಕಂಡೂ ಕಾಣದಂತಿತ್ತು. ಅವಳ ಹಿಂದೆ ಒದ್ದೆ ಹೆಜ್ಜೆಯ ಸದ್ದು ಕೇಳಿಸಿತು. ಅವಳು ನಿಂತರೆ ಅದೂ ನಿಲ್ಲುತ್ತಿತ್ತು. ಬೇರೆ ದಿನವಾಗಿದ್ದರೆ ಓಡುತ್ತಿದ್ದಳು. ಇವತ್ತು ಓಡಲಿಲ್ಲ. ಕಂಕುಳಿನ ಭಾರ ಓಡಲು ಬಿಡಲಿಲ್ಲ.

"ಅಕ್ಕಾ, ನಿನ್ನ ಕೈನೂ ಹಿಂಗೇ ನೋಯ್ತಿತ್ತಾ?" ಎಂದು ಮಂಜಿನೊಳಕ್ಕೆ ಕೇಳಿದಳು.

ನೀರು ಮೆಟ್ಟಿಲಿಗೆ ತಾಗುವ ಸದ್ದು ಮಾತ್ರ ಬಂತು. ಜವರಮ್ಮ ಮುಂದೆ ನಡೆದಳು. ಹೆಜ್ಜೆಯೂ ಜೊತೆಯಲ್ಲೇ ಬಂತು. ಅದು ತಳ್ಳಿಕೊಂಡು ಬರುತ್ತಿಲ್ಲ, ಮನೆಯವರೆಗೆ ಕಳಿಸಿಕೊಡಲು ಬರುತ್ತಿದೆ ಎಂದು ಅವಳಿಗೆ ಅನ್ನಿಸಿತು.

ಮನೆಯಲ್ಲಿ ದೀಪ ಹಚ್ಚಿಯಾಗಿತ್ತು. ಕೆಂಪಲಕ್ಷ್ಮಮ್ಮ ಮಾಲೇಕಲ್ಲಿನಿಂದ ಬಂದು ಪ್ರಸಾದದ ಗಂಟು ಬಿಚ್ಚುತ್ತಿದ್ದಳು. ಸೊಸೆಯ ಕಂಕುಳಲ್ಲಿದ್ದುದನ್ನು ಕಂಡು ಅವಳ ಕೈ ನಿಂತಿತು.

"ಅದನ್ನ ಯಾಕೆ ಇಳಿಸ್ದೆ? ಅವಳನ್ನ ಎಬ್ಬಿಸಾಕಾ?"

ಆ ಮಾತಿಗೆ ಒಳಗಿದ್ದ ಅಣ್ಣಯ್ಯ ಹೊರಬಂದ. ಕೌದಿಯನ್ನು ನೋಡಿದ, ಬಿಚ್ಚಿದ ಮೂಲೆಯನ್ನು ನೋಡಿದ. ಅವನ ಕಣ್ಣು ಬೇರೆಯಾಯಿತು. "ಯಾರನ್ನ ಕೇಳಿ ಸ್ಕೂಲಿಗೆ ತಗೊಂಡೋಗಿ ಊರ ಮುಂದೆ ಹಾಸ್ದೆ?" ಎಂದು ಬಂದವನೇ ಸೆರಗಿಗೆ ಕೈ ಹಾಕಿದ.

ಜವರಮ್ಮ ಬಿಡಿಸಿಕೊಳ್ಳಲಿಲ್ಲ. ಸೆರಗು ಅವನ ಹಿಡಿಯಲ್ಲಿರುವಂತೆಯೇ ಮಂಡಿಯೂರಿ, ಕೌದಿಯನ್ನು ದೀಪದ ಮುಂದೆ ಹಾಸಿ, ಒಳಗಿನ ತುಂಡುಗಳನ್ನು ಒಂದೊಂದಾಗಿ ಮೇಲಕ್ಕಿಟ್ಟಳು.

"ನಂಗೆ ನಿನ್ನ ಕೈಲಿ ಹೊಡೆಸೋಳು ಅಕ್ಕ ಅಂತೀರಿ. ಆಗ್ಲಿ. ಅಕ್ಕನಿಗೆ ಹೊಡೆಸ್ತಿದ್ದೋರು ಯಾರು?"

ಅಣ್ಣಯ್ಯ ತುಂಡುಗಳನ್ನು ನೋಡಿದ. ಚೌಕಳಿಯದು ಅವನೇ ಬೇಲೂರಿನ ಸಂತೆಯಿಂದ ತಂದದ್ದು.

"ನಾನೇನು ಬೇಕೂಂತ ಮಾಡ್ತೀನಾ?" ಎಂದ. ಅವನ ಮಾತು ದಾರಿ ತಪ್ಪಿದವನ ಮಾತಿನಂತಿತ್ತು. "ಕಣ್ಣಿಗೆ ಕತ್ಲೆ ಬತ್ತದೆ. ಆಮೇಲೆ ನೋಡಿದ್ರೆ ಆಗೋಗಿರ್ತದೆ. ಅವಳದೇ ಕೆಲ್ಸ ಅಂತ ಅವ್ವ ಹೇಳ್ತಾಳಲ್ಲ. ಹೇಳವ್ವ."

ಕೆಂಪಲಕ್ಷ್ಮಮ್ಮ ಕೌದಿಯ ಮುಂದೆ ಕೂತು ಒಂದೊಂದೇ ಹರಕನ್ನು ಬೆರಳಿನಿಂದ ಸವರಿದಳು. ಆಮೇಲೆ ಎದ್ದು ಕೋಣೆಗೆ ಹೋದಳು. ಪೆಟ್ಟಿಗೆಯ ಮುಚ್ಚಳ ಕಿರುಗುಟ್ಟಿತು. ಹೊರಬಂದಾಗ ಅವಳ ಕೈಯಲ್ಲಿ ಮಾಸಿದ ಬಣ್ಣದ ಬಟ್ಟೆಯ ಚೂರೊಂದಿತ್ತು. ಎಷ್ಟೋ ವರ್ಷ ಮಡಿಕೆಯಲ್ಲಿದ್ದು ಅದು ಮಡಿಕೆಗುಂಟ ಬಿರಿದಿತ್ತು. ಹೆಗಲಿನ ಜಾಗದ ಉದ್ದನೆಯ ಹರಕು ಮಾತ್ರ ಹಾಗೇ ಇತ್ತು. ಅದನ್ನು ಬೀರಮ್ಮನ ತುಂಡುಗಳ ಸಾಲಿನಲ್ಲಿಟ್ಟಳು.

"ಇದು ನಂದು" ಎಂದಳು. "ನಿಮ್ಮಪ್ಪ ಎಳೆದದ್ದು. ಆಗ ಬೀರಿ ಹುಟ್ಟೇ ಇರ್ಲಿಲ್ಲ. ನಮ್ಮತ್ತೆ ನಂಗೆ ಇನ್ಯಾವುದೋ ದೆವ್ವದ ಹೆಸ್ರು ಹೇಳಿದ್ಲು."

ಆಮೇಲೆ ಮಗನ ಕಡೆ ತಲೆಯೆತ್ತಿದಳು.

"ಕೈ ಬಿಡೋ" ಎಂದಳು ಕೆಂಪಲಕ್ಷ್ಮಮ್ಮ.

ಸೆರಗು ಇನ್ನೂ ತನ್ನ ಹಿಡಿಯಲ್ಲಿದೆ ಎಂಬುದು ಅಣ್ಣಯ್ಯನಿಗೆ ಆಗಷ್ಟೇ ತಿಳಿದಂತಿತ್ತು. ಬಿಟ್ಟ. ತನ್ನ ಅಂಗೈಯನ್ನು ದೀಪಕ್ಕೆ ಹಿಡಿದು ನೋಡಿಕೊಂಡ. ಅಲ್ಲಿ ಅವನ ಕೈ ಬಿಟ್ಟು ಬೇರೆ ಯಾರದೂ ಇರಲಿಲ್ಲ.

ಆ ರಾತ್ರಿ ಒಲೆಯ ಪಕ್ಕದ ಎಲೆಯನ್ನು ಅವನೇ ಹಾಸಿದ. ಮುದ್ದೆ ಮುರಿಯಲು ಹೋಗಿ ತಡೆದು, ತಾಯಿಯ ಕಡೆ ತಿರುಗಿದ.

"ಅವಳಿಗೆ ಏನು ಇಷ್ಟ ಇತ್ತವ್ವ?"

ಕೆಂಪಲಕ್ಷ್ಮಮ್ಮ ಬಹಳ ಹೊತ್ತು ಯೋಚಿಸಿದಳು. "ಗೊತ್ತಿಲ್ಲ ಕಣೋ. ಒಂದಿನಾನೂ ಕೇಳ್ಲಿಲ್ಲ."

ಊಟವಾದ ಮೇಲೆ ಅತ್ತೆ ತನ್ನ ಚೂರನ್ನು ಸೊಸೆಯ ಕಡೆಗೆ ಸರಿಸಿ, "ನಡುವೆ ಜಾಗ ಉಳಿದೈತಲ್ಲ, ಅಲ್ಲಿ ಹಾಕು. ಒಳಗಲ್ಲ, ಮೇಲೆ" ಎಂದಳು. ಜವರಮ್ಮ ತುಕ್ಕು ಹಿಡಿದ ಸೂಜಿಯನ್ನು ನಿಧಾನವಾಗಿ ಕಿತ್ತು, ಬೀರಮ್ಮನ ದಾರದ ತುದಿಗೇ ತನ್ನ ದಾರವನ್ನು ಗಂಟು ಹಾಕಿಕೊಂಡು, ಹೊಸ ಸೂಜಿಯಲ್ಲಿ ಪೋಣಿಸಿ ಹೊಲಿಯತೊಡಗಿದಳು. ಬೆಳಕು ಸಾಲದೆ ಅತ್ತೆ ಕಣ್ಣು ಕಿರಿದುಮಾಡಿ ಬಗ್ಗಿದ್ದಳು. ಅಣ್ಣಯ್ಯ ದೀಪದ ಬುಡ್ಡಿ ತೆಗೆದುಕೊಂಡು ಬಂದು ಹತ್ತಿರ ಹಿಡಿದು ಕೂತ. ಮೂರು ಹೊಲಿಗೆ ಸಣ್ಣಗೆ, ಸಾಲಾಗಿ ಹೋಗುತ್ತಿದ್ದವು. ನಾಲ್ಕನೆಯದು ನೆಗೆದಾಗಲೆಲ್ಲ ಅವನ ಕೈಯಲ್ಲಿ ದೀಪ ಅಲುಗುತ್ತಿತ್ತು.