ಆ ಕಡೆಯ ನೀರು

‘ಪಾಠವು ನಿಗದಿತ ಅವಧಿಯಲ್ಲಿ ಯಶಸ್ವಿಯಾಗಿ ಮುಗಿಯಿತು. ವಿದ್ಯಾರ್ಥಿಗಳು ಉತ್ಸಾಹದಿಂದ ಭಾಗವಹಿಸಿದರು’ ಎಂದು ಬರೆದು ಕೇತಕಿ ಸುರ್ವೆ ಪೆನ್ನಿನ ತುದಿ ಕಚ್ಚುತ್ತ ಮುಂದಿನ ವಾಕ್ಯ ಯೋಚಿಸಿದಳು. ಪಾಠ ಇದ್ದದ್ದು ಮಾರನೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ.

ಪಕ್ಕದಲ್ಲಿ ನೆಲದ ಮೇಲೆ ಚಾರ್ಟು ಹರಡಿಕೊಂಡು ಬಣ್ಣ ಬಳಿಯುತ್ತಿದ್ದ ಸಹಪಾಠಿ ಶಲಾಕಾ ಇಣುಕಿ ನೋಡಿದಳು. "ನಾಳೆ ಏನಾಗುತ್ತೆ ಅಂತ ಇವತ್ತೇ ಗೊತ್ತಿರೋರು ಈ ಊರಲ್ಲಿ ಇಬ್ರೇ ಕಣೇ. ಪಂಚಾಂಗದ ಭಟ್ರು, ಆಮೇಲೆ ನೀನು."

"ನೀನು ಬರ್ದಿಲ್ವಾ ಹಾಗಾದ್ರೆ?"

"ನಿಂದು ಮುಗೀಲಿ ಅಂತ ಕಾಯ್ತಿದೀನಿ ತಾಯಿ. ನಕಲು ಹೊಡೀಬೇಕಲ್ಲ."

ಕೊಂಕಣ ತೀರದ ಚಿಪಳೂಣದ ಆ ಬಿ.ಎಡ್. ಕಾಲೇಜಿನಲ್ಲಿ ಇದರಲ್ಲಿ ನಾಚಿಕೆಪಡುವಂಥದ್ದೇನೂ ಇರಲಿಲ್ಲ. ಪಾಠಯೋಜನೆಯ ಕಡತದಲ್ಲಿ ಎಡಗಡೆ ಟೀಚರ್ ಕೇಳುವ ಪ್ರಶ್ನೆ, ಬಲಗಡೆ ಮಕ್ಕಳು ಕೊಡುವ ಉತ್ತರ. ಎರಡನ್ನೂ ಮೊದಲೇ ಬರೆಯಬೇಕು. ಕೊನೆಯ ಪುಟ ‘ಅವಲೋಕನ’: ಪಾಠ ಮಾಡಿದ ಮೇಲೆ ನನಗೇನನ್ನಿಸಿತು, ಎಲ್ಲಿ ಎಡವಿದೆ, ತಂತ್ರಜ್ಞಾನ ಎಷ್ಟು ಉಪಯೋಗಕ್ಕೆ ಬಂತು ಇತ್ಯಾದಿ. ಗಂಟೆ ಹೊಡೆದ ಕೂಡಲೇ ಪರೀಕ್ಷಕರು ಕಡತಕ್ಕೆ ಕೈ ಚಾಚುತ್ತಾರೆ. ಅನ್ನಿಸುವುದಕ್ಕೆ ಪುರುಸೊತ್ತೆಲ್ಲಿ? ಹಾಗಾಗಿ ನಲವತ್ತು ಮಂದಿಯೂ ಹಿಂದಿನ ದಿನವೇ ಅನ್ನಿಸಿಕೊಂಡುಬಿಡುತ್ತಿದ್ದರು. ಕೇತಕಿಗೆ ಎಲ್ಲರಿಗಿಂತ ಚೆನ್ನಾಗಿ ಅನ್ನಿಸುತ್ತಿತ್ತು. ಅದಕ್ಕೇ ಅವಳ ಪುಟಕ್ಕೆ ಅಷ್ಟು ಬೇಡಿಕೆ.

‘ಮಕ್ಕಳ ಸಂದೇಹಗಳನ್ನು ಸ್ಥಳದಲ್ಲೇ ಪರಿಹರಿಸಲಾಯಿತು’ ಎಂದು ಬರೆದು ಮುಗಿಸಿ ಅವಳು ಕಡತ ಮುಚ್ಚಿದಳು.

ನಾಳಿನದು ಅಂತಿಮ ಪಾಠ, ನೂರು ಅಂಕದ್ದು. ಎಪ್ಪತ್ತೈದು ಬಂದರೆ ವಿಶೇಷ ಶ್ರೇಣಿ. ಗುಹಾಗರ ರಸ್ತೆಯ ಹೈಸ್ಕೂಲಿನ ಮುಖ್ಯಾಧ್ಯಾಪಕಿ ನೇರವಾಗಿಯೇ ಹೇಳಿದ್ದರು: "ವಿಶೇಷ ಶ್ರೇಣಿ ತಗೊಂಡು ಬಾ, ಜೂನಿಂದ ಭೂಗೋಳ ನಿಂದೇ. ಇಲ್ಲಾಂದ್ರೆ ನಮ್ಮ ಸಂಸ್ಥೆಯವರು ಒಪ್ಪಲ್ಲ." ಕೇತಕಿಗೆ ಭಯವೇನೂ ಇರಲಿಲ್ಲ. ಪಾಠ ಉಬ್ಬರವಿಳಿತದ್ದು, ಅದಕ್ಕಾಗಿ ಲ್ಯಾಪ್‌ಟಾಪಿನಲ್ಲಿ ತಾನೇ ಒಂದು ಚಲಿಸುವ ಚಿತ್ರ ಮಾಡಿದ್ದಳು. ಚಂದ್ರ ಹೊಳೆಯುತ್ತಾನೆ, ಸಮುದ್ರದ ನೀಲಿ ನೀರು ಅವನ ಕಡೆಗೆ ಉಬ್ಬುತ್ತದೆ, ಭೂಮಿ ನಿಧಾನವಾಗಿ ತಿರುಗುತ್ತದೆ, ಹಿನ್ನೆಲೆಯಲ್ಲಿ ಅಲೆಯ ಸದ್ದು. ಪುಸ್ತಕದ ಚಿತ್ರದಲ್ಲಿ ನೀರು ಎರಡು ಕಡೆ ಉಬ್ಬಿದೆ, ಚಂದ್ರನ ಕಡೆಗೊಂದು, ಅವನಿಗೆ ಬೆನ್ನು ಮಾಡಿದ ಕಡೆಗೊಂದು. ಆ ಎರಡನೆಯದನ್ನು ಅವಳು ಬೇಕೆಂದೇ ಬಿಟ್ಟಿದ್ದಳು. ಅದನ್ನು ಹಾಕಿದರೆ ‘ಆ ಕಡೆ ಯಾಕೆ’ ಎಂದು ವಿವರಿಸಬೇಕು. ವಿವರಿಸಲು ನಾಲ್ಕು ನಿಮಿಷ ಬೇಕು. ಮೂವತ್ತೈದು ನಿಮಿಷದ ಪಾಠದಲ್ಲಿ ನಾಲ್ಕು ನಿಮಿಷ ಎಲ್ಲಿಂದ ತರುವುದು? ಹಾಗೆ ನೋಡಿದರೆ ಅದು ಯಾಕೆಂದು ಅವಳಿಗೂ ಸರಿಯಾಗಿ ಬಾಯಿಗೆ ಬರುತ್ತಿರಲಿಲ್ಲ.

ಪಾಠಕ್ಕೆ ಕೊಟ್ಟಿದ್ದ ಶಾಲೆಯ ಏಳನೆಯ ತರಗತಿಯ ಮಕ್ಕಳೋ, ಪಾಠ ಹೇಳಿಸಿಕೊಳ್ಳುವುದರಲ್ಲಿ ಪಳಗಿದ ಪಟಿಂಗರು. ಐದನೆಯ ತರಗತಿಯಿಂದ ವರ್ಷಾ ವರ್ಷಾ ಬಿ.ಎಡ್. ದಂಡು ಬಂದು ಇವರ ಮೇಲೆಯೇ ಕಲಿತುಕೊಂಡು ಹೋಗಿತ್ತು. ಪೀಠಿಕೆಯ ಪ್ರಶ್ನೆಗಳು ನಾಲ್ಕಿರುತ್ತವೆ, ಮೊದಲ ಮೂರಕ್ಕೆ ಎಲ್ಲರೂ ಕೈ ಎತ್ತಬೇಕು, ನಾಲ್ಕನೆಯದಕ್ಕೆ ಗೊತ್ತಿದ್ದರೂ ತೆಪ್ಪಗಿರಬೇಕು, ಆಗ ಟೀಚರ್ ‘ಹಾಗಾದರೆ ಇವತ್ತು ಅದನ್ನೇ ಕಲಿಯೋಣ’ ಎನ್ನುತ್ತಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಕಳೆದ ವಾರ ಕೇತಕಿ ಒಳಗೆ ಕಾಲಿಟ್ಟಾಗ ಮುಂದಿನ ಬೆಂಚಿನ ಸಾಯಲಿ ಕೇಳಿಯೇಬಿಟ್ಟಿದ್ದಳು: "ಮೇಡಮ್, ನಿಮ್ದು ಚಾರ್ಟಾ, ಪರದೆನಾ? ಪರದೆ ಆದ್ರೆ ನಾವು ‘ಓ’ ಅನ್ಬೇಕು ಅಲ್ವಾ?"

ಮಾರನೆಯ ದಿನ ಎಲ್ಲವೂ ಗಡಿಯಾರದ ಮುಳ್ಳಿನಂತೆ ನಡೆಯಿತು. ರತ್ನಾಗಿರಿಯಿಂದ ಬಂದಿದ್ದ ಪರೀಕ್ಷಕರು ಜೋಗಳೇಕರ್ ಸರ್ ಹಿಂದಿನ ಬೆಂಚಿನಲ್ಲಿ ಮಂಡಿ ಮಡಚಿಕೊಂಡು ಕೂತಿದ್ದರು. ಪಕ್ಕದಲ್ಲಿ ಆ ತರಗತಿಯ ಟೀಚರ್ ಖೇಡೇಕರ್‌ಬಾಯಿ, ಮಕ್ಕಳ ಬೆನ್ನಿನ ಮೇಲೆಯೇ ಕಣ್ಣು ನೆಟ್ಟುಕೊಂಡು. ಮೂರು ಪ್ರಶ್ನೆಗೆ ಕೈಗಳ ಕಾಡು ಎದ್ದಿತು. ನಾಲ್ಕನೆಯದಕ್ಕೆ ತರಗತಿ ಗಪ್‌ಚಿಪ್. ಪ್ರೊಜೆಕ್ಟರ್ ಒಂದೇ ಗುಂಡಿಗೆ ಹೊತ್ತಿಕೊಂಡಿತು, ಕರೆಂಟು ಕಣ್ಣು ಮಿಟುಕಿಸಲಿಲ್ಲ, ಅಲೆಯ ಸದ್ದು ಹದವಾಗಿ ಕೇಳಿತು. ಚಂದ್ರನ ಕಡೆ ನೀರು ಉಬ್ಬಿದಾಗ ಮಕ್ಕಳು ‘ಓ’ ಎಂದರು. ಅದು ನಾಟಕದ ‘ಓ’ ಆಗಿರಲಿಲ್ಲ. ಕೇತಕಿಗೆ ಮೈಯೆಲ್ಲ ಹಗುರಾಯಿತು.

ಇನ್ನು ಆರು ನಿಮಿಷ ಇದೆ ಎನ್ನುವಾಗ ಕಿಟಕಿಯ ಪಕ್ಕದಲ್ಲಿ ಒಂದು ಕೈ ಎದ್ದಿತು. ರುಖ್ಸಾರ್ ಚೌಗುಲೆ. ಸಮುದ್ರದ ನೀರು ನುಗ್ಗಿ ಬಂದು ಹೋಗುವ ಖಾಡಿಯ ದಡದಲ್ಲೇ ಅವಳ ಮನೆ. ಕೈ ಎತ್ತುವ ಪ್ರಶ್ನೆಯೇ ಇಲ್ಲದ ಹೊತ್ತಿನಲ್ಲಿ ಕೈ ಎತ್ತಿದ್ದು ಕಂಡು ಖೇಡೇಕರ್‌ಬಾಯಿ ಕಣ್ಣು ಬಿಟ್ಟರು.

"ಮೇಡಮ್, ನೀರು ಚಂದ್ರನ ಕಡೆ ಮಾತ್ರ ಉಬ್ಬಿದೆ. ಭೂಮಿ ದಿನಕ್ಕೆ ಒಂದೇ ಸುತ್ತು. ಅಂದ್ರೆ ನಮ್ಮನೆ ಹತ್ರ ನೀರು ಒಂದೇ ಸಲ ಏರ್ಬೇಕು. ಆದ್ರೆ ಎರಡು ಸಲ ಏರುತ್ತೆ, ಎರಡು ಸಲ ಇಳಿಯುತ್ತೆ. ನಮ್ಮಜ್ಜಿ ಇಳಿದಾಗ್ಲೆಲ್ಲ ಚಿಪ್ಪಿ ಆರಿಸೋಕೆ ಹೋಗ್ತಾಳೆ."

ಕಡತದ ಬಲಗಡೆಯ ಉತ್ತರಗಳಲ್ಲಿ ಇದು ಇರಲಿಲ್ಲ. ಕೇತಕಿ ಒಂದು ಕ್ಷಣ ಪರದೆ ನೋಡಿದಳು, ಒಂದು ಕ್ಷಣ ಗಡಿಯಾರ. ಆಮೇಲೆ ಕಾಲೇಜಿನಲ್ಲಿ ಇಂಥದ್ದಕ್ಕೆಂದೇ ಕಲಿಸಿಕೊಟ್ಟಿದ್ದ ಮಾತನ್ನು ನಗುನಗುತ್ತ ಹೇಳಿದಳು: "ತುಂಬ ಒಳ್ಳೇ ಪ್ರಶ್ನೆ ರುಖ್ಸಾರ್. ಇದನ್ನ ನಾವು ಮುಂದಿನ ತರಗತಿಯಲ್ಲಿ ನೋಡೋಣ." ಮುಂದಿನ ತರಗತಿ ಇಲ್ಲವೆಂಬುದು ಅವಳಿಗೂ ಗೊತ್ತು, ಮಕ್ಕಳಿಗೂ ಗೊತ್ತು. ಇದು ಕೊನೆಯ ಪಾಠ. ರುಖ್ಸಾರ್ ಕೂತಳು. ಮೌಲ್ಯಮಾಪನದ ಪ್ರಶ್ನೆ, ಮನೆಗೆಲಸ, ಧನ್ಯವಾದ, ಗಂಟೆ. ಒಂದು ಸೆಕೆಂಡು ಹಿಂದಿಲ್ಲ ಮುಂದಿಲ್ಲ.

ಪಡಸಾಲೆಯ ಮೇಜಿನ ಹತ್ತಿರ ಜೋಗಳೇಕರ್ ಸರ್ ಅಂಕಪಟ್ಟಿ ತುಂಬುತ್ತ ತಲೆದೂಗಿದರು. "ಚೆನ್ನಾಗಾಯ್ತಮ್ಮ. ಆ ಹುಡುಗಿ ಪ್ರಶ್ನೇನ ಎಷ್ಟು ನಾಜೂಕಾಗಿ ನಿಭಾಯಿಸ್ದೆ! ಎಂಬತ್ತೊಂದು ಹಾಕಿದೀನಿ. ಕೊನೇ ಪುಟ ಒಂದು ನೋಡಿಬಿಡ್ತೀನಿ." ಅವರು ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದತೊಡಗಿದರು.

ಎಂಬತ್ತೊಂದು! ಕೇತಕಿಗೆ ಕುಣಿಯಬೇಕೆನ್ನಿಸಿತು. ಅಷ್ಟರಲ್ಲಿ ಕಂಬದ ಆಚೆ ನೀರಿನ ನಲ್ಲಿಯ ಹತ್ತಿರದ ಮಾತು ಕಿವಿಗೆ ಬಿತ್ತು.

"ನಿಮ್ಮಜ್ಜಿ ಬುರುಡೆ ಬಿಡ್ತಾಳೆ ಬಿಡೇ," ಎನ್ನುತ್ತಿದ್ದಳು ಸಾಯಲಿ. "ಪರದೆ ಮೇಲೆ ನೋಡ್ಲಿಲ್ವಾ? ಒಂದೇ ಸಲ."

"ನಾನೇ ಅಜ್ಜಿ ಜೊತೆ ಹೋಗಿದೀನಿ ಕಣೇ."

"ಹಾಗಾದ್ರೆ ಪರದೆ ಸುಳ್ಳಾ? ಮೇಡಮ್ ಸುಳ್ಳಾ?"

ರುಖ್ಸಾರ್ ನಲ್ಲಿ ತಿರುಗಿಸಿ ನಿಲ್ಲಿಸಿದಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು: "ಎರಡನೇ ಸಲ ಬರೋದು ಸಮುದ್ರದ ನೀರಲ್ಲ ಅನ್ಸುತ್ತೆ. ಬೇರೆ ಏನೋ ಇರ್ಬೇಕು."

ಕೇತಕಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ಹುಟ್ಟಿದಾಗಿನಿಂದ ಮನೆಯ ಹಿಂದೆ ಕಂಡ ನೀರನ್ನು ಆ ಹುಡುಗಿ ಪರದೆಯ ಮೇಲಿನ ಒಂದು ಚಿತ್ರಕ್ಕಾಗಿ ಬಿಟ್ಟುಕೊಡುತ್ತಿದ್ದಾಳೆ! ಇನ್ನು ಸಂಜೆ ಮನೆಗೆ ಹೋಗಿ ಅಜ್ಜಿಗೂ ತಿಳಿವಳಿಕೆ ಹೇಳುತ್ತಾಳೆ. ಈ ಕಡೆ ಜೋಗಳೇಕರ್ ಸರ್ ಓದುತ್ತಲೇ ಇದ್ದರು: "...ಸಂದೇಹಗಳನ್ನು ಸ್ಥಳದಲ್ಲೇ ಪರಿಹರಿಸಲಾಯಿತು. ಭಲೇ!"

"ಸರ್, ಸಹಿ ಮಾಡ್ಬೇಡಿ."

ಅವರು ಪೆನ್ನು ಹಿಡಿದೇ ತಲೆಯೆತ್ತಿದರು.

"ಆ ಪುಟ ನಿನ್ನೆ ಬರ್ದದ್ದು ಸರ್. ಪಾಠ ಮಾಡೋಕೆ ಮುಂಚೆ. ಅದರಲ್ಲಿರೋದು ನಿಜ ಅಲ್ಲ. ಚಿತ್ರದಲ್ಲೂ ಅರ್ಧ ಸಮುದ್ರ ನಾನೇ ಬಿಟ್ಟಿದೀನಿ, ಟೈಮ್ ಸಾಲಲ್ಲ ಅಂತ. ಹತ್ತು ನಿಮಿಷ ಒಳಗೆ ಹೋಗಿ ಬರ್ತೀನಿ."

ಹಿಂದೆ ತನ್ನ ಸರದಿಗಾಗಿ ಚಾರ್ಟು ಸುತ್ತಿಕೊಂಡು ನಿಂತಿದ್ದ ಶಲಾಕಾ ಅವಳ ಜಡೆ ಎಳೆದಳು. "ತಲೆ ಕೆಟ್ಟಿದ್ಯೇನೇ? ಎಲ್ರೂ ನಿನ್ನೆನೇ ಬರೀತೀವಿ!"

"ಎಲ್ಲರೂ ಹಾಗೇ ಬರೀತಾರೆ ಅಂತ ನನಗೂ ಗೊತ್ತಮ್ಮ," ಎಂದರು ಜೋಗಳೇಕರ್ ಸರ್, ಸ್ವಲ್ಪ ಮುನಿದೇ. "ಆದ್ರೆ ಯಾರೂ ಬಂದು ನನಗೆ ಹೇಳಲ್ಲ. ನೀನು ಹೇಳಿದ ಮೇಲೆ ನಾನು ಕೇಳಲಿಲ್ಲ ಅನ್ನೋಕಾಗುತ್ತಾ? ಅವಲೋಕನಕ್ಕೆ ಪೂರ್ತಿ ಹತ್ತು ಅಂಕ ಕೊಟ್ಟಿದ್ದೆ. ಹೊಡೆದು ಹಾಕ್ಬೇಕಾಗುತ್ತೆ."

ಎಂಬತ್ತೊಂದರಲ್ಲಿ ಹತ್ತು ಹೋದರೆ ಎಷ್ಟು ಎಂದು ಲೆಕ್ಕ ಹಾಕಲು ಕೇತಕಿಗೆ ಪ್ರೊಜೆಕ್ಟರ್ ಬೇಕಿರಲಿಲ್ಲ. ಗುಹಾಗರ ರಸ್ತೆಯ ಶಾಲೆ ಕಣ್ಣ ಮುಂದೆ ಬಂದು ಹೋಯಿತು. "ಹೊಡೀರಿ ಸರ್," ಎಂದು ಒಳಗೆ ನಡೆದಳು.

ನೀರು ಕುಡಿಯಲು ಹೋದ ಮಕ್ಕಳೆಲ್ಲ ಮತ್ತೆ ಬೆಂಚು ಸೇರಿದ್ದರು. ಒಳಗೆ ಖೇಡೇಕರ್‌ಬಾಯಿ ಗಣಿತಕ್ಕೆ ಕರಿಹಲಗೆ ಒರೆಸುತ್ತಿದ್ದರು. "ಮುಗೀತಲ್ಲ ನಿನ್ನ ಪರೀಕ್ಷೆ? ಇನ್ನೇನು?"

"ಪರೀಕ್ಷೆ ಮುಗೀತು ಮೇಡಮ್. ಪಾಠ ಉಳ್ಕೊಂಡಿದೆ. ಹತ್ತೇ ನಿಮಿಷ."

ಪ್ರಶಿಕ್ಷಣಾರ್ಥಿ ಪರೀಕ್ಷೆ ಮುಗಿದ ಮೇಲೆ ಪಾಠಕ್ಕೆ ಬಂದದ್ದನ್ನು ಅವರು ತಮ್ಮ ಸರ್ವಿಸಿನಲ್ಲೇ ಕಂಡಿರಲಿಲ್ಲ. ಬಟ್ಟೆ ಕೆಳಗಿಟ್ಟು ಪಕ್ಕಕ್ಕೆ ಸರಿದರು.

ಕೇತಕಿಯ ಕೈಯಲ್ಲಿ ಕಡತ ಇರಲಿಲ್ಲ. ಮುಂದೇನು ಹೇಳಬೇಕೆಂದು ಅವಳು ಎಲ್ಲೂ ಬರೆದುಕೊಂಡಿರಲಿಲ್ಲ. "ನಾನು ತೋರಿಸಿದ ಚಿತ್ರ ತಪ್ಪು," ಎಂದಳು. "ರುಖ್ಸಾರ್ ಅಜ್ಜಿ ಹೇಳೋದು ಸರಿ. ನೀರು ಎರಡು ಸಲ ಏರುತ್ತೆ. ಯಾಕೆ ಅಂತ ನನಗೂ ಪೂರ್ತಿ ಗೊತ್ತಿಲ್ಲ, ಎಲ್ರೂ ಸೇರಿ ನೋಡೋಣ ಬನ್ನಿ."

ಸಾಯಲಿ, ರುಖ್ಸಾರ್, ಕೊನೆಯ ಬೆಂಚಿನ ಉದ್ದನೆಯ ಹುಡುಗನೊಬ್ಬ ಎದ್ದು ಬಂದರು. ಅವರನ್ನು ಒಬ್ಬರ ಹಿಂದೊಬ್ಬರಂತೆ ನಿಲ್ಲಿಸಿ ತಾನು ಕರಿಹಲಗೆಗೆ ಒರಗಿ ನಿಂತಳು. "ನಾನು ಚಂದ್ರ. ಸಾಯಲಿ ನನ್ನ ಹತ್ತಿರದ ನೀರು. ರುಖ್ಸಾರ್ ಭೂಮಿ. ಹಿಂದಿರೋನು ಆ ಕಡೆಯ ನೀರು. ಹತ್ತಿರ ಇರೋರನ್ನ ಜಾಸ್ತಿ ಎಳೀತೀನಿ, ದೂರ ಇರೋರನ್ನ ಕಮ್ಮಿ. ಸಾಯಲಿ ಮೂರು ಹೆಜ್ಜೆ ಬಾ. ರುಖ್ಸಾರ್ ಎರಡು. ನೀನು ಒಂದೇ."

ಮೂವರೂ ನಡೆದು ನಿಂತರು. ರುಖ್ಸಾರ್ ಮುಂದೆ ನೋಡಿದಳು. ಸಾಯಲಿ ದೂರ ಹೋಗಿದ್ದಳು. ಹಿಂದೆ ನೋಡಿದಳು, ಆ ಹುಡುಗನೂ ದೂರ ಉಳಿದಿದ್ದ.

"ಮೇಡಮ್! ಎರಡೂ ಕಡೆ ದೂರ ಆಯ್ತು!"

"ಅಷ್ಟೇ ಕಣೇ!" ಕೇತಕಿ ಕೂಗಿಯೇಬಿಟ್ಟಳು. ಅವಳಿಗೆ ಅದು ಹೊಳೆದದ್ದೂ ಆಗಲೇ. "ಈ ಕಡೆ ನೀರು ಮುಂದೆ ಹೋಯ್ತು, ಆ ಕಡೆ ನೀರು ಹಿಂದೆ ಉಳೀತು. ಎರಡು ಉಬ್ಬು!"

ಲ್ಯಾಪ್‌ಟಾಪನ್ನು ಮತ್ತೆ ತೆರೆದು, ಚಿತ್ರದ ಬಿಡಿಭಾಗಗಳೆಲ್ಲ ಕಾಣುವಂತೆ ಪರದೆಯ ಮೇಲೆ ಹಾಕಿದಳು. ಸಮುದ್ರವೆಂದರೆ ಒಂದು ನೀಲಿ ತುಂಡು, ಚಂದ್ರನೆಂದರೆ ಒಂದು ಬಿಳಿ ವೃತ್ತ ಎಂದು ಕಂಡು ಮಕ್ಕಳಿಗೆ ಭಾರೀ ಖುಷಿ. ಮೌಸನ್ನು ರುಖ್ಸಾರ್ ಕೈಗೆ ಕೊಟ್ಟಳು. "ಆ ಉಬ್ಬು ಇನ್ನೊಂದು ತಗೋ, ಆ ಕಡೆ ಹಚ್ಚು." ರುಖ್ಸಾರ್ ನಾಲಿಗೆ ಕಚ್ಚಿಕೊಂಡು ಎಳೆದಳು. "ಕೆಳಗೆ, ಇನ್ನೂ ಕೆಳಗೆ!" ಎಂದು ಇಡೀ ತರಗತಿ ಕಿರುಚಿತು. "ಭೂಮಿ ಮೊಟ್ಟೆ ಥರ ಆಯ್ತು!" ಎಂದು ಯಾರೋ ನಕ್ಕರು. ಚಿತ್ರ ಸೊಟ್ಟಗಾಯಿತು, ಅಲೆಯ ಸದ್ದು ಎಲ್ಲೋ ತಪ್ಪಿಹೋಯಿತು. ಭೂಮಿಯನ್ನು ಒಂದು ಸುತ್ತು ತಿರುಗಿಸಿದಾಗ ಎಲ್ಲರೂ ಸೇರಿ ಎಣಿಸಿದರು: ಒಂದು, ಎರಡು.

"ಅಜ್ಜಿಗೆ ಏನು ಹೇಳ್ಲಿ ಮೇಡಮ್?" ಎಂದು ಕೇಳಿದಳು ರುಖ್ಸಾರ್.

"ಅಜ್ಜಿಗೆ ಗೊತ್ತಿದೆ. ಸಾಯಲಿಗೆ ಹೇಳು," ಎಂದಳು ಕೇತಕಿ.

ಹೊರಗೆ ಬಂದಾಗ ಜೋಗಳೇಕರ್ ಸರ್ ಬಾಗಿಲಲ್ಲೇ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಅವಳ ಕಡತವನ್ನು ಅವಳ ಕೈಗಿಟ್ಟರು. ಕೊನೆಯ ಪುಟದ ಮೇಲೆ ಅಡ್ಡಗೆರೆ. ಒಳಗಿದ್ದ ಅಂಕಪಟ್ಟಿಯಲ್ಲಿ ಎಂಬತ್ತೊಂದನ್ನು ಹೊಡೆದು ಎಪ್ಪತ್ತೊಂದು ಮಾಡಿ, ಪಕ್ಕದಲ್ಲಿ ಸಹಿ. ಕರುಣೆ ಉಕ್ಕಿ ಆ ಹತ್ತನ್ನೇನೂ ಅವರು ಉಳಿಸಿರಲಿಲ್ಲ. ಕೇತಕಿ ಆ ಅಂಕಿಯನ್ನು ಎರಡು ಸಲ ನೋಡಿದಳು. ಕಣ್ಣು ಉರಿಯಿತು. ಜೂನಿಗೆ ಬೇರೆ ಶಾಲೆ ಹುಡುಕಬೇಕು. ಹುಡುಕಿದರಾಯಿತು, ಇದೇ ಪಾಠ ಮಾಡಿ ತೋರಿಸಿದರಾಯಿತು.

"ಇನ್ನೊಂದು ಸಲ ತೋರಿಸ್ತೀಯಾ?" ಎಂದರು ಸರ್, ಅತ್ತಿತ್ತ ನೋಡಿ ದನಿ ತಗ್ಗಿಸಿ.

"ಏನು ಸರ್?"

"ಅದೇ, ಆ ಕಡೆಯ ನೀರು. ಮೂವತ್ತೊಂದು ವರ್ಷದಿಂದ ಪುಸ್ತಕದ ಆ ಎರಡು ಉಬ್ಬಿನ ಚಿತ್ರ ಬರೆಸ್ತಾ ಬಂದಿದೀನಿ. ಯಾಕೆ ಅಂತ ಒಬ್ರೂ ಕೇಳಿರ್ಲಿಲ್ಲ. ನಾನೂ ಯಾರನ್ನೂ ಕೇಳಿರ್ಲಿಲ್ಲ."

ಕೇತಕಿ ಕಣ್ಣೊರೆಸಿಕೊಂಡು ಕಂಬಕ್ಕೆ ಒರಗಿ ಚಂದ್ರನಾದಳು. ಖೇಡೇಕರ್‌ಬಾಯಿಯನ್ನು ಕರೆದು ಮುಂದೆ ನಿಲ್ಲಿಸಿದಳು, ಶಲಾಕಾಳನ್ನು ಚಾರ್ಟಿನ ಸಮೇತ ಹಿಂದೆ, ನಡುವೆ ಭೂಮಿಯಾಗಿ ಸರ್. ಖೇಡೇಕರ್‌ಬಾಯಿ ಸೀರೆಯ ನೆರಿಗೆ ಎತ್ತಿಕೊಂಡು ಮೂರು ಹೆಜ್ಜೆ ಬಂದರು, ಶಲಾಕಾ ಒಂದೇ ಹೆಜ್ಜೆ. ಜೋಗಳೇಕರ್ ಸರ್ ಎರಡು ಹೆಜ್ಜೆ ನಡೆದು ನಿಂತು, ಮುಂದೆ ನೋಡಿದರು; ಆಮೇಲೆ ನಿಧಾನವಾಗಿ ಕತ್ತು ತಿರುಗಿಸಿ ಹಿಂದೆ ನೋಡಿದರು.